ಗೊಬ್ಬರದ ಗುಂಡಿ ಯಾಕೆ ಬಿಸಿ, ಕಾಳಿಂಗ ಯಾಕೆ ಅಪರೂಪ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಸೊಪ್ಪಿನಬೆಟ್ಟದ ದರಕು (ಉದುರಿದ ಒಣ ಎಲೆ) ತಂದು ಕೊಟ್ಟಿಗೆಗೆ ಹಾಸುತ್ತೇವೆ. ಅದು ಗೊಬ್ಬರವಾಗಿ ಮರದ ಬುಡ ಸೇರುತ್ತದೆ. ಮಗಳ ಪಾಠದಲ್ಲಿ ‘ಶಕ್ತಿ ಒಂದೇ ದಿಕ್ಕಿಗೆ ಹರಿಯುತ್ತದೆ’ ಅಂತ ಇದೆ. ಎಲೆಯ ಶಕ್ತಿ ಮರಕ್ಕೇ ವಾಪಸ್ ಬಂತಲ್ಲ? ಇನ್ನೊಂದು, ತೋಟದಲ್ಲಿ ಕಪ್ಪೆಗೆ ಲೆಕ್ಕವಿಲ್ಲ, ಕಾಳಿಂಗ ಸರ್ಪ ಕಾಣುವುದು ವರ್ಷಕ್ಕೊಮ್ಮೆ. ಇದಕ್ಕೂ ಶಕ್ತಿಗೂ ಸಂಬಂಧ ಇದೆಯಾ?

ಉತ್ತರ: ಮಗಳ ಪಾಠವೇ ಸರಿ. ಚಳಿಗಾಲದ ಬೆಳಗ್ಗೆ ಗೊಬ್ಬರದ ಗುಂಡಿ ಕೆದಕಿ ನೋಡಿ, ಹಬೆ ಏಳುತ್ತದೆ. ಎಲೆ ಹಸಿರಾಗಿದ್ದಾಗ ಹಿಡಿದಿಟ್ಟ ಬಿಸಿಲೇ ಅದು. ಸೂಕ್ಷ್ಮಜೀವಿಗಳು ದರಕು ತಿಂದು ಬದುಕುವಾಗ ಶಾಖವಾಗಿ ಹೊರಬೀಳುತ್ತಿದೆ. ಆ ಶಾಖದಿಂದ ಯಾವ ಗಿಡವೂ ಮತ್ತೆ ಆಹಾರ ಮಾಡಿಕೊಳ್ಳಲಾರದು. ಮರಕ್ಕೆ ವಾಪಸ್ ಸಿಗುವುದು ಸಾರಜನಕ, ರಂಜಕ, ಪೊಟ್ಯಾಷ್ ಥರದ ಸಾರ. ಸುತ್ತುವುದು ಅದು. ಶಕ್ತಿಗೆ ಮಾತ್ರ ಮರ ದಿನಾ ಹೊಸ ಬಿಸಿಲನ್ನೇ ನಂಬಬೇಕು. ಗೊಬ್ಬರವನ್ನು ‘ಗಿಡದ ಊಟ’ ಅಂತೀವಲ್ಲ, ಗೊಂದಲ ಶುರುವಾಗುವುದೇ ಅಲ್ಲಿ.

ಇನ್ನು ಕಾಳಿಂಗ. ಸೊಪ್ಪನ್ನು ಮಿಡತೆ ತಿನ್ನುತ್ತದೆ, ಮಿಡತೆಯನ್ನು ಕಪ್ಪೆ, ಕಪ್ಪೆಯನ್ನು ಕೇರೆ, ಕೇರೆಯನ್ನು ಕಾಳಿಂಗ. ಒಂದೊಂದು ಮೆಟ್ಟಿಲಲ್ಲೂ ತಿಂದದ್ದರ ಬಹುಪಾಲು ಉಸಿರಾಟಕ್ಕೆ, ಓಡಾಟಕ್ಕೆ ಖರ್ಚಾಗುತ್ತದೆ. ಒಂದಷ್ಟು ಜೀರ್ಣವಾಗದೆ ಹಿಕ್ಕೆಯಾಗುತ್ತದೆ. ಮೈಯಾಗಿ ಉಳಿದು ಮುಂದಿನ ಬಾಯಿಗೆ ಸಿಗುವುದು ಸುಮಾರು ಶೇ 10. ಅಮೆರಿಕದ ರೇಮಂಡ್ ಲಿಂಡ್‌ಮನ್ 1942ರಲ್ಲಿ ಒಂದು ಸಣ್ಣ ಕೆರೆಯ ಶಕ್ತಿಯ ಲೆಕ್ಕ ಬರೆದು ಈ ವಿಚಾರಕ್ಕೆ ಬುನಾದಿ ಹಾಕಿದರು. 10 ಅನ್ನುವುದು ಕಟ್ಟುನಿಟ್ಟಲ್ಲ, 5 ಇರಬಹುದು, 20 ಇರಬಹುದು. 10 ಅಂತಲೇ ಇಟ್ಟುಕೊಳ್ಳಿ: ಸೊಪ್ಪಿನಲ್ಲಿ 10,000 ಪಾಲು ಇದ್ದರೆ ಮಿಡತೆಗೆ 1,000, ಕಪ್ಪೆಗೆ 100, ಕೇರೆಗೆ 10, ಕಾಳಿಂಗಕ್ಕೆ ಬರೀ 1.

ಹಾವು ಮೈ ಬೆಚ್ಚಗಿಡಲು ಊಟ ಖರ್ಚು ಮಾಡುವುದಿಲ್ಲ. ಹೊಟ್ಟೆ ತುಂಬಿದರೆ ಎಷ್ಟೋ ದಿನ ಸುಮ್ನೆ ಇರಬಲ್ಲದು. ಭದ್ರಾ ಕಾಡಿನ ಹುಲಿಗೆ ಆ ಭಾಗ್ಯವಿಲ್ಲ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ, ಕಡವೆಯಂಥ 50 ಪ್ರಾಣಿ ಬೇಕು. ಅಷ್ಟು ತಿಂದೂ ಅವುಗಳ ಸಂಖ್ಯೆ ಕರಗದಿರಲು ಕಾಡಿನಲ್ಲಿ 500 ಇರಬೇಕು ಅನ್ನುವುದು ಹುಲಿ ತಜ್ಞ ಉಲ್ಲಾಸ ಕಾರಂತರ ಲೆಕ್ಕ.

ಅಂದಹಾಗೆ, ಕಾಡಿನ ಸೊಪ್ಪಿನಲ್ಲಿ ಹಸಿಯಾಗಿ ತಿಂದು ಮುಗಿಯುವುದು ಸ್ವಲ್ಪವೇ. ಜಾಸ್ತಿ ಪಾಲು ಉದುರಿ ಗೆದ್ದಲು, ಎರೆಹುಳ, ಅಣಬೆಗೆ ಹೋಗುತ್ತದೆ. ನಿಮ್ಮ ಕಪ್ಪೆಗಳು ನುಂಗುವ ಎಷ್ಟೋ ಹುಳ ದರಕು ತಿಂದೇ ಬೆಳೆದವು. ಬೆಟ್ಟ ಗುಡಿಸುವಾಗ ಒಂದಿಷ್ಟು ಅಲ್ಲೇ ಬಿಟ್ಟು ಬನ್ನಿ.