ಸರ್ಕಾರದ ದುಡ್ಡಲ್ಲೂ ಮಣ್ಣಿನ ಗೋಡೆನಾ?

ಪ್ರಶ್ನೆ: ನಮ್ಮೂರಿಗೆ (ಹಿರಿಯೂರು ತಾಲ್ಲೂಕು) ಹೊಸ ಅಂಗನವಾಡಿ ಕಟ್ಟಡ ಬರಲಿದೆ. ಈಗಿನದು ಆರ್‌ಸಿಸಿ ತಾರಸಿಯದು, ಏಪ್ರಿಲ್‌ನಲ್ಲಿ ಒಳಗೆ ಕೂರಲು ಆಗುವುದಿಲ್ಲ. ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟೋಣ ಅಂದರೆ ‘ಸರ್ಕಾರದ ದುಡ್ಡಲ್ಲೂ ಮಣ್ಣಿನ ಗೋಡೆನಾ?’ ಎಂದು ನಗುತ್ತಾರೆ. ಸುಮ್ನೆ ಸೋಲಾರ್ ಹಾಕಿಸಿದರೆ ಸಾಕೇ?

ಉತ್ತರ: ನಗುವವರ ತಪ್ಪಿಲ್ಲ ಬಿಡಿ. ಮಳೆಗೆ ಕರಗಿದ ಹಳೇ ಗೋಡೆಗಳನ್ನು ನೋಡಿದವರು ಅವರು. ನೀವು ಹೇಳುತ್ತಿರುವುದು ಬೇರೆ. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ 5ರಿಂದ 8 ಪಾಲು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಎರಡು ಮೂರು ವಾರ ನೀರು ಹಾಕಿ ಕ್ಯೂರಿಂಗ್ ಮಾಡಿದ ಇಟ್ಟಿಗೆ ಅದು. ಗೂಡಿನಲ್ಲಿ ಸುಡುವುದೇ ಇಲ್ಲ, ಅಷ್ಟು ಸೌದೆ ಉಳಿಯಿತಲ್ವಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆಂದೇ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಈ ಇಟ್ಟಿಗೆಯ ಹದ ಕಂಡುಕೊಳ್ಳುವುದರಲ್ಲಿ ಅಲ್ಲಿನವರ ಪಾಲು ದೊಡ್ಡದು. ಈಗ ಬೆಂಗಳೂರಿನ ಕಾಸುಳ್ಳವರೂ ಇದರಲ್ಲೇ ಮನೆ ಕಟ್ಟಿಸುತ್ತಾರೆ. ಊರಿನಲ್ಲಿ ಮೊದಲು ಈ ಮಾತು ಹೇಳಿ, ನಗು ಅರ್ಧ ನಿಲ್ಲುತ್ತದೆ!

ಆದರೆ ಮಕ್ಕಳನ್ನು ಬೇಯಿಸುತ್ತಿರುವುದು ಗೋಡೆಗಿಂತ ಜಾಸ್ತಿ ತಾರಸಿ. ಸೋಲಾರ್ ಬೇಡ ಅನ್ನುವುದಿಲ್ಲ. ಆದರೆ ಕಾದ ತಾರಸಿಯ ಕೆಳಗೆ ಸೋಲಾರ್ ಫ್ಯಾನು ಬೀಸುವುದೂ ಬಿಸಿಗಾಳಿಯನ್ನೇ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಮನೆಮಾತು ಮಾಡಿದ ‘ಫಿಲ್ಲರ್ ಸ್ಲ್ಯಾಬ್’ ಎಂಬ ತಾರಸಿಯ ಬಗ್ಗೆ ನಿಮ್ಮ ಎಂಜಿನಿಯರನ್ನು ಕೇಳಿ. ಸ್ಲ್ಯಾಬಿನ ಅಡಿಭಾಗದಲ್ಲಿ ಎಳೆತ ತಡೆಯುವುದು ಕಂಬಿ. ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆ ಜಾಗದಲ್ಲಿ, ಕಂಬಿಗಳ ನಡುವೆ, ಹಳೇ ಮಂಗಳೂರು ಹೆಂಚನ್ನು ಜೋಡಿಯಾಗಿ ಒಂದರ ಮೇಲೊಂದು ಇಟ್ಟು ಕಾಂಕ್ರೀಟ್ ಸುರಿಯುತ್ತಾರೆ. ಸಿಮೆಂಟೂ ಉಳಿಯುತ್ತದೆ, ಹೆಂಚುಗಳ ನಡುವಿನ ಗಾಳಿ ಬಿಸಿಯನ್ನೂ ತಡೆಯುತ್ತದೆ. ಮೇಲೆ ಬಿಳಿ ಸುಣ್ಣ ಬಳಿಯಿರಿ. ಗೋಡೆ ನೆನೆಯದಂತೆ ಸಜ್ಜಾ ಎರಡು ಅಡಿಯಾದರೂ ಮುಂದೆ ಬರಲಿ. ಇದರಲ್ಲಿ ಜಿಪುಣತನ ಮಾಡಿದರೆ ನಕ್ಕವರೇ ಗೆಲ್ಲುತ್ತಾರೆ.

ಕಟ್ಟಡದ ಉದ್ದದ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಇರಲಿ. ಪಡುವಣ ಗೋಡೆ ಚಿಕ್ಕದಾದಷ್ಟೂ ಸಂಜೆ ಬಿಸಿಲು ಕಮ್ಮಿ. ಇನ್ನು ಕಿಟಕಿ. ಸಾಮಾನ್ಯವಾಗಿ ಮೂರಡಿ ಮೇಲೆ ಇಡುತ್ತಾರೆ. ಮೂರು ವರ್ಷದ ಮಗುವಿನ ಎತ್ತರವೇ ಅಷ್ಟು! ಒಮ್ಮೆ ಒಂದು ಅಂಗನವಾಡಿಯಲ್ಲಿ ನಾನು ಚಾಪೆ ಮೇಲೆ ಕೂತು ನೋಡಿದೆ. ಕಿಟಕಿಯಲ್ಲಿ ಕಂಡದ್ದು ಕಂಬಿ, ಒಂದು ತುಂಡು ಆಕಾಶ, ಅಷ್ಟೇ. ಹೊರಗೆ ಮೇಕೆ ಕೂಗುತ್ತಿತ್ತು, ಮಕ್ಕಳಿಗೆ ಕಾಣುತ್ತಿರಲಿಲ್ಲ. ಎರಡಡಿಗೆ ಇಳಿಸಿ. ಕೂತವರ ಮೈಗೆ ಗಾಳಿಯೂ ಸಿಗುತ್ತದೆ.

ಇಟ್ಟಿಗೆಗೆ ನಿಮ್ಮ ಕಡೆಯ ಎರೆಮಣ್ಣು ಆಗದು. ಅದು ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ಮರಳು ಜಾಸ್ತಿಯಿರುವ ಕೆಂಪು ಮಣ್ಣು ಬೇಕು. ಮರಳು ಎಷ್ಟಿದೆ ಎಂದು ನೋಡಲು ಗಾಜಿನ ಬಾಟಲಿಗೆ ಕಾಲು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಇಡಿ. ಮರಳು ಮೊದಲು ತಳಕ್ಕೆ ಕೂರುತ್ತದೆ, ಜೇಡಿ ಕೊನೆಗೆ. ಮಾರನೇ ದಿನ ಪದರಗಳನ್ನು ಅಳೆದು, ಆ ಬಾಟಲಿಯನ್ನೇ ಎಂಜಿನಿಯರ್ ಹತ್ತಿರ ಒಯ್ಯಿರಿ.