ಓದುಗರ ಪ್ರಶ್ನೆ: ಹಳೆಯ ಕಾರ್ಟೂನ್ ರೀಲುಗಳ ಆರೈಕೆ

ಪ್ರಶ್ನೆ: 16 ಎಂಎಂ ಕಾರ್ಟೂನ್ ರೀಲೊಂದು ಸಿಕ್ಕಿದೆ. ಡಬ್ಬಿ ತೆರೆದರೆ ವಿನೆಗರ್ ವಾಸನೆ, ಚಿತ್ರವೆಲ್ಲ ಗುಲಾಬಿ. ಪ್ರೊಜೆಕ್ಟರಿಗೆ ಹಾಕಬಹುದೇ?

ಉತ್ತರ: ಸದ್ಯಕ್ಕೆ ಬೇಡ. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮು ಕೆಡುವಾಗ ಅಸಿಟಿಕ್ ಆಮ್ಲ ಹೊರಬರುತ್ತದೆ; ವಿನೆಗರ್ ವಾಸನೆ ಅದರದೇ. ಆ ಆಮ್ಲವೇ ಫಿಲ್ಮನ್ನು ಇನ್ನಷ್ಟು ಬೇಗ ಕೆಡಿಸುತ್ತದೆ. ಜೊತೆಗೆ ಫಿಲ್ಮು ಕುಗ್ಗುತ್ತದೆ. ಅಂಚಿನ ತೂತುಗಳು ಪ್ರೊಜೆಕ್ಟರಿನ ಹಲ್ಲುಗಳಿಗೆ ಹೊಂದದೆ ಹರಿಯುತ್ತವೆ. 100 ಫ್ರೇಮು ಎಣಿಸಿ, ಎಳೆಯದೆ ಸಪಾಟಾಗಿ ಹಾಸಿ ಅಳೆಯಿರಿ. 762 ಮಿಲಿಮೀಟರ್ ಇರಬೇಕು. 754ಕ್ಕೆ ಇಳಿದಿದ್ದರೆ ಶೇ. 1ರಷ್ಟು ಕುಗ್ಗಿದೆ ಎಂದರ್ಥ; ಅದಕ್ಕೆ ಹಲ್ಲುಚಕ್ರವಿಲ್ಲದ ಸ್ಕ್ಯಾನರೇ ಗತಿ.

ಎಷ್ಟು ಕೆಟ್ಟಿದೆ ಎಂದು ತಿಳಿಯಲು ಎ-ಡಿ ಪಟ್ಟಿಯನ್ನು (ಆಮ್ಲ ತಾಗಿದರೆ ಬಣ್ಣ ಬದಲಿಸುವ ನೀಲಿ ಕಾಗದದ ಚೂರು) ಡಬ್ಬಿಯೊಳಗಿಟ್ಟು ಮುಚ್ಚಿ, ಕೋಣೆಯ ಉಷ್ಣಾಂಶದಲ್ಲಿ ಒಂದು ದಿನ ಬಿಡಿ. ನೀಲಿಯಾಗಿಯೇ ಉಳಿದರೆ ಚಿಂತೆಯಿಲ್ಲ. ಹಸಿರಾದರೆ ಕೆಡಲು ಶುರುವಾಗಿದೆ, ಹಳದಿಯಾದರೆ ತಡಮಾಡದೆ ಸ್ಕ್ಯಾನ್ ಮಾಡಿಸಿ. ಉಳಿದ ರೀಲುಗಳಿಂದ ದೂರವಿಡಿ. ತಂಪಾದ, ಒಣ ಜಾಗದಲ್ಲಿಟ್ಟರೆ ಕೆಡುವ ವೇಗ ತಗ್ಗುತ್ತದೆ, ಆದರೆ ಕೆಟ್ಟದ್ದು ಸರಿಹೋಗುವುದಿಲ್ಲ.

ಗುಲಾಬಿ ಬಣ್ಣ ಬೇರೆಯದೇ ಕಾಯಿಲೆ. ಫಿಲ್ಮಿನಲ್ಲಿರುವ ಸಯಾನ್ (ಹಸಿರುನೀಲಿ) ವರ್ಣದ್ರವ್ಯ ಮೊದಲು ಮಾಸಿ, ಮಜೆಂಟಾ (ಕಡುಗುಲಾಬಿ) ಎದ್ದು ಕಾಣುತ್ತಿದೆ. ಸ್ಕ್ಯಾನ್ ಆದಮೇಲೆ ಸ್ವಲ್ಪಮಟ್ಟಿಗೆ ತಿದ್ದಬಹುದು.

ಪ್ರಶ್ನೆ: 'ಶುದ್ಧೀಕರಿಸಿದ' ಡಿವಿಡಿಯಲ್ಲಿ ಪಾತ್ರಗಳು ಓಡುವಾಗ ಕೈಕಾಲಿನ ಗೆರೆಗಳೇ ಮಾಯವಾಗುತ್ತವೆ. ಮೂಲದಲ್ಲೇ ಹೀಗಿತ್ತೇ?

ಉತ್ತರ: ಇಲ್ಲ, ಅದು ದೂಳು ತೆಗೆಯುವ ತಂತ್ರಾಂಶದ ಹಾವಳಿ. ಆ ತಂತ್ರಾಂಶ ಪ್ರತಿ ಫ್ರೇಮನ್ನೂ ಹಿಂದುಮುಂದಿನ ಫ್ರೇಮುಗಳಿಗೆ ಹೋಲಿಸುತ್ತದೆ. ಒಂದರಲ್ಲಿ ಮಾತ್ರ ಕಂಡ ಕಪ್ಪು ಗುರುತನ್ನು ಕಸವೆಂದು ಅಳಿಸುತ್ತದೆ. ಕಾರ್ಟೂನಿನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮು ಹಿಡಿಯುತ್ತಾರೆ: ಸೆಕೆಂಡಿನ 24 ಫ್ರೇಮಿಗೆ 12 ಚಿತ್ರ. ವೇಗದ ಚಲನೆಗೆ ಮಾತ್ರ ಫ್ರೇಮಿಗೊಂದು ಚಿತ್ರ. ಅಂದರೆ ಅಲ್ಲಿನ ಗೆರೆಗೆ ಒಂದೇ ಫ್ರೇಮಿನ ಆಯಸ್ಸು, ದೂಳಿನ ಕಣಕ್ಕೂ ಅಷ್ಟೇ. ಯಂತ್ರಕ್ಕೆ ಎರಡರ ಭೇದ ತಿಳಿಯದು. ಕಲಾವಿದರು ಅತಿ ಹೆಚ್ಚು ಬೆವರು ಸುರಿಸಿದ ದೃಶ್ಯಗಳೇ ಹೀಗೆ ಹಾಳಾಗುವುದು ನಿಜಕ್ಕೂ ನೋವಿನ ಸಂಗತಿ.

ಪರೀಕ್ಷಿಸಲು ಓಟ, ಹೊಡೆದಾಟದ ದೃಶ್ಯಗಳನ್ನು ಒಂದೊಂದೇ ಫ್ರೇಮಾಗಿ ಸರಿಸಿ ನೋಡಿ. ಬೆರಳು, ಮೀಸೆ, ಹುಬ್ಬಿನಂಥ ತೆಳುಗೆರೆಗಳು ತುಂಡಾಗಿದ್ದರೆ ಆ ಪ್ರತಿಯನ್ನು ನಂಬಬೇಡಿ. ಸರಿಯಾದ ಕ್ರಮವೆಂದರೆ ಕೊಳೆಯನ್ನು ಮನುಷ್ಯರೇ ಫ್ರೇಮು ಫ್ರೇಮಾಗಿ ನೋಡಿ ತೆಗೆಯುವುದು. ಸೆಲ್ ಹಾಳೆಗಳ (ಚಿತ್ರ ಬಿಡಿಸುವ ಪಾರದರ್ಶಕ ಹಾಳೆಗಳ) ಮೇಲೆ ಕೂತು ಕ್ಯಾಮೆರಾದಲ್ಲೇ ಸೆರೆಯಾದ ದೂಳನ್ನು ಮಾತ್ರ ಬಿಟ್ಟುಬಿಡುವುದೇ ಮೇಲು, ಅದು ಮೂಲ ಕೃತಿಯದೇ ಭಾಗ.

ಪ್ರಶ್ನೆ: 1930ರ ದಶಕದ ಬಣ್ಣದ ಕಾರ್ಟೂನುಗಳು ಇಂದಿಗೂ ಅಷ್ಟು ನಿಚ್ಚಳವಾಗಿರುವುದು ಹೇಗೆ?

ಉತ್ತರ: ಡಿಸ್ನಿಯ 1932ರ 'ಫ್ಲವರ್ಸ್ ಅಂಡ್ ಟ್ರೀಸ್' ಮೂರು ಬಣ್ಣದ ಟೆಕ್ನಿಕಲರ್ ಎಂಬ ವರ್ಣಚಿತ್ರ ವಿಧಾನದ ಮೊದಲ ಕಾರ್ಟೂನು. ಆ ಕಾಲದ ಅನೇಕ ಕಾರ್ಟೂನುಗಳಲ್ಲಿ ಪ್ರತಿ ಚಿತ್ರವನ್ನೂ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ಮೂರು ಸಲ, ಒಂದೇ ಕಪ್ಪುಬಿಳುಪು ನೆಗೆಟಿವಿನ ಮೇಲೆ ಸಾಲಾಗಿ ತೆಗೆಯುತ್ತಿದ್ದರು. ನೆಗೆಟಿವಿನಲ್ಲಿ ವರ್ಣದ್ರವ್ಯವೇ ಇಲ್ಲದ್ದರಿಂದ ಮಾಸುವ ಮಾತೇ ಇಲ್ಲ. ಮೂರೂ ಒಂದೇ ಪಟ್ಟಿಯಲ್ಲಿರುವುದರಿಂದ ಕುಗ್ಗಿದರೂ ಹೆಚ್ಚುಕಡಿಮೆ ಸಮನಾಗಿ ಕುಗ್ಗುತ್ತವೆ. ಹಾಗಾಗಿ ಬಣ್ಣದ ಚಿತ್ರ ಮರಳಿ ಪಡೆಯಲು ಆ ಮೂರನ್ನೂ ಒಂದರ ಮೇಲೊಂದು ಕೂರಿಸುವುದು ಸುಲಭ.