ಅವನು ಹೇಳಿದ್ದು ನಿನಗೆ ಮಾತ್ರ

"ಅಕ್ಕಾ, ನಾನು ಸೆಕೆಂಡ್ ಪಿಯುಸಿ, ಹಾಸನ. ಆರನೇ ಕ್ಲಾಸಿಂದ ನನ್ನ ಪಕ್ಕ ಕೂತ ಗೆಳೆಯ ಹೋದ ತಿಂಗಳು, ತನಗೆ ಹುಡುಗಿಯರಲ್ಲ, ಹುಡುಗರು ಇಷ್ಟ ಅಂತ ಹೇಳಿದ. 'ಸರಿ ಬಿಡೋ' ಅಂದೆ. ಆದರೆ ಹುಡುಗರು ಅವನ ನಡಿಗೆ ಅಣಕಿಸಿದಾಗ ನಾನೂ ನಕ್ಕೆ. ಈಗ ಅವನು ಬೇರೆ ಬೆಂಚಲ್ಲಿ ಕೂರುತ್ತಾನೆ. ಜೊತೆಗೆ ಓಡಾಡಿದರೆ ನನ್ನನ್ನೂ ಹಾಗೇ ಅಂದುಕೊಳ್ಳುತ್ತಾರೆ ಅಂತ ಭಯ. ಅವರಮ್ಮನಿಗೆ ಹೇಳಿ ಡಾಕ್ಟರ ಹತ್ತಿರ ಕಳಿಸಲಾ?"

ಬೇಡ ಕಣೋ. ಅವರಮ್ಮನಿಗೆ ಹೇಳಬೇಡ. ಯಾರಿಗೆ, ಯಾವಾಗ ಹೇಳಬೇಕು ಅನ್ನೋದು ಅವನಿಗೆ ಬಿಟ್ಟದ್ದು. ಇಂಥ ಸುದ್ದಿ ಮನೆಗೆ ಹೋದ ಮೇಲೆ ಮೊಬೈಲ್ ಕಿತ್ತುಕೊಂಡು, ಕಾಲೇಜು ಬಿಡಿಸಿ, ದೇವರ ಮುಂದೆ ಆಣೆ ಹಾಕಿಸಿದ ಅಪ್ಪ ಅಮ್ಮಂದಿರೂ ಇದ್ದಾರೆ. ಇನ್ನು ಡಾಕ್ಟರ್ ಏನು ಮಾಡಬೇಕು ಹೇಳು? ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. 'ಸರಿ ಮಾಡ್ತೀನಿ' ಅಂತ ಹೊರಡುವ ಡಾಕ್ಟರದ್ದೇ ತಪ್ಪು, ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ.

ಈಗ ಆ ನಗು. ನಾನು ಹಾಸ್ಟೆಲಿನಲ್ಲಿದ್ದಾಗ ಇಬ್ಬರು ಹುಡುಗಿಯರ ಬಗ್ಗೆ ಗುಸುಗುಸು ಎದ್ದಿತ್ತು, ನಾನೂ ಸೇರಿಕೊಂಡು ನಕ್ಕಿದ್ದೆ, ಅವರಲ್ಲೊಬ್ಬಳು ನನ್ನ ರೂಮ್‌ಮೇಟ್. ಪರೀಕ್ಷೆಗೆ ಮೊದಲೇ ಅವಳು ಊರಿಗೆ ಹೋದಳು. ಅವಳ ನೀಲಿ ಬಕೆಟ್ಟು ಬಚ್ಚಲಲ್ಲಿ ತಿಂಗಳುಗಟ್ಟಲೆ ಹಾಗೇ ಇತ್ತು, ಯಾರೂ ಮುಟ್ಟಲಿಲ್ಲ. ಅಣಕಿಸೋರ ಕಾಟ ನಿನ್ನ ಗೆಳೆಯನಿಗೆ ಹಳೇದು, ಹೇಗೋ ತಡ್ಕೋತಾನೆ. ನಂಬಿ ಯಾರ ಹತ್ತಿರ ಹೇಳಿಕೊಂಡನೋ ಅವನೇ ನಕ್ಕರೆ?

ನಾಳೆ ಊಟದ ಹೊತ್ತಿಗೆ ಡಬ್ಬಿ ತಗೊಂಡು ಅವನ ಬೆಂಚಿಗೆ ಹೋಗು. "ಅವತ್ತು ನಕ್ಕಿದ್ದು ನನ್ನ ತಪ್ಪು ಕಣೋ" ಅನ್ನು, ಅಷ್ಟೇ ಸಾಕು, ಹುಡುಗರು ಹಂಗೆ ಹಿಂಗೆ ಅಂತ ನೆಪ ಹೇಳಬೇಡ. ಅವನು ಮಾತಾಡದೇ ಇರಬಹುದು. ನಾಡಿದ್ದು ಮತ್ತೆ ಹೋಗು.

ನಿನ್ನನ್ನೂ ಆಡಿಕೊಳ್ಳುತ್ತಾರಾ? ಆಡಿಕೊಳ್ಳಬಹುದು, ಸುಮ್ನೆ ಸುಳ್ಳು ಯಾಕೆ ಹೇಳಲಿ. ಭಾಷಣ ಏನೂ ಬೇಡ, "ಸಾಕು ಬಿಡ್ರೋ, ಬೇರೆ ಕೆಲ್ಸ ಇಲ್ವಾ" ಅನ್ನು. ಸಲಿಂಗ ಪ್ರೀತಿ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ತೀರ್ಪು ಕೊಟ್ಟಿದೆ, ಆದರೆ ಕೊನೇ ಬೆಂಚಿನ ಹುಡುಗರು ತೀರ್ಪು ಓದಿಕೊಂಡು ಬಂದಿರಲ್ಲ ಅಲ್ವಾ? ನೀನು ನಗದೇ ಇದ್ದರೆ ಅವರಿಗೂ ಅರ್ಧ ಮಜಾ ಹೋಗುತ್ತೆ.

ಒಂದು ವಿಷಯದಲ್ಲಿ ಮಾತ್ರ ಗುಟ್ಟು ಅಂತ ಕೂರಬೇಡ. ಅವನು ಸಾಯೋ ಮಾತಾಡಿದರೆ ಒಬ್ಬನನ್ನೇ ಬಿಡಬೇಡ, ನಂಬಿಕೆಯ ದೊಡ್ಡವರೊಬ್ಬರಿಗೆ ತಕ್ಷಣ ಹೇಳು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಡಬ್ಬಿ ತಗೊಂಡು ಹೋದ ದಿನ ಏನಾಯ್ತು ಅಂತ ಬರಿ.